ಹೋದವರ ಪತ್ತೆ

ಪತ್ತೇದಾರಿ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಒಂದು ಹೆಣ ಬೀಳುತ್ತದೆ, ಕೊನೆಯ ಅಧ್ಯಾಯದಲ್ಲಿ ಒಬ್ಬ ಸಿಕ್ಕಿಬೀಳುತ್ತಾನೆ. ನಡುವೆ ಆ ಹೆಣಕ್ಕಾಗಿ ಅತ್ತವರು ಎಷ್ಟು ಮಂದಿ ಎಂದು ಎಣಿಸಿ ನೋಡಿ. ಕಾದಂಬರಿಯ ಯೋಗ್ಯತೆ ಅಲ್ಲಿ ತಿಳಿಯುತ್ತದೆ.

*

ಪತ್ತೇದಾರ ಕೇಳುತ್ತಾನೆ: ಯಾರು ಕೊಂದರು? ತಾಯಿ ಕೇಳುತ್ತಾಳೆ: ಊಟ ಮಾಡಿದ್ದನಾ? ಎರಡೂ ತನಿಖೆಯೇ. ಎರಡನೆಯದಕ್ಕೆ ಯಾರೂ ಕಡತ ತೆರೆಯುವುದಿಲ್ಲ.

*

ಎನ್. ನರಸಿಂಹಯ್ಯನವರ ಶಾಲೆ ನಾಲ್ಕನೇ ತರಗತಿಗೇ ಮುಗಿದಿತ್ತು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ನಿಂದ ಶುರುಮಾಡಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು, ಪುಸ್ತಕ ಮುಟ್ಟದ ಮನೆಗಳಿಗೂ ಓದುವ ಚಟ ಹಿಡಿಸಿದರು. ಆ ಪುಸ್ತಕಗಳು ಕೊಡುತ್ತಿದ್ದದ್ದು ಒಂದು ಭರವಸೆ: ನಡೆದದ್ದಕ್ಕೆಲ್ಲ ಕಾರಣವಿದೆ, ಬಿಡದೆ ಹುಡುಕಿದರೆ ಸಿಗುತ್ತದೆ. ಮನೆಯಲ್ಲಿ ಸಾವಾದವರು ಹುಡುಕಿಕೊಂಡು ಹೊರಡುವುದೂ ಇದೇ ಭರವಸೆಯಿಂದ.

*

2022ರ ಜುಲೈ 20, ಉಡುಪಿ ಜಿಲ್ಲೆಯ ಶಿರೂರು ಟೋಲ್‌ಗೇಟ್. ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್‌ಗೆ ದಾರಿ ಬಿಡಿಸಲು ಸಿಬ್ಬಂದಿ ಓಡೋಡಿ ಬ್ಯಾರಿಕೇಡ್ ಸರಿಸುತ್ತಾರೆ. ಮಳೆಗೆ ನೆನೆದ ರಸ್ತೆಯಲ್ಲಿ ಗಾಡಿ ಜಾರಿ, ಮಗುಚಿ, ಟೋಲ್‌ಗೆ ಅಪ್ಪಳಿಸುತ್ತದೆ. ನಾಲ್ವರು ಹೋದರು. ಸಿಸಿಟಿವಿಯಲ್ಲಿ ಎಲ್ಲವೂ ದಾಖಲಾಗಿತ್ತು, ದೇಶವೇ ನೋಡಿತು. ಪತ್ತೇದಾರನಿಗೆ ಅಲ್ಲಿ ಹುಡುಕಲು ಏನೂ ಉಳಿದಿರಲಿಲ್ಲ. ಹೋದವರ ಮನೆಯವರಿಗೆ ಮಾತ್ರ ಪ್ರಶ್ನೆಗಳು ಶುರುವಾದದ್ದೇ ಆ ಮೇಲೆ.

*

ಹೇಗಾಯಿತು ಎನ್ನುವುದಕ್ಕೆ ಒಂದು ಕ್ಯಾಮೆರಾ ಸಾಕು. ನಮ್ಮವರಿಗೇ ಯಾಕಾಯಿತು ಎನ್ನುವುದನ್ನು ತೋರಿಸುವ ಕ್ಯಾಮೆರಾ ಯಾವ ಕಂಬದಲ್ಲೂ ಇಲ್ಲ.

*

ನಮ್ಮ ಕಡೆ ಸಾವಿನ ಮನೆಗೆ ಬಂದವರು ಮೊದಲು ಕೇಳುವುದು “ಎಂತಾಯ್ತ್?” ಎಂದು. ಮನೆಯವರು ಹೇಳುತ್ತಾರೆ: ಬೆಳಿಗ್ಗೆ ಎದ್ದದ್ದು, ಚಾ ಅರ್ಧಕ್ಕೇ ಬಿಟ್ಟದ್ದು, ಎದೆ ಹಿಡಿದುಕೊಂಡದ್ದು, ರಿಕ್ಷಾ ಬರಲು ತಡವಾದದ್ದು. ಇನ್ನೊಬ್ಬರು ಬರುತ್ತಾರೆ, ಮತ್ತೆ ಚಾದಿಂದಲೇ ಶುರು. ಸಂಜೆಯ ಹೊತ್ತಿಗೆ ಇಪ್ಪತ್ತು ಸಲ ಹೇಳಿಯಾಗಿರುತ್ತದೆ. ಕೇಳುವವರಿಗೆ ಅದು ಸುದ್ದಿ. ಹೇಳುವವರು ಹೇಳಿ ಹೇಳಿಯೇ ನಂಬಲು ಕಲಿಯುತ್ತಿರುತ್ತಾರೆ.

*

ಪೊಲೀಸರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವುದು ಸುಳ್ಳನ್ನು ಹಿಡಿಯಲು. ದುಃಖದಲ್ಲಿರುವವರು ಅದನ್ನೇ ಸಾವಿರ ಸಲ ಕೇಳಿಕೊಳ್ಳುವುದು ಉತ್ತರ ಒಮ್ಮೆಯಾದರೂ ಸುಳ್ಳಾಗಲಿ ಎಂದು.

*

ದೊಡ್ಡ ಆಸ್ಪತ್ರೆ ಇರುವುದು ಕುಂದಾಪುರ, ಉಡುಪಿ, ಮಣಿಪಾಲದಲ್ಲಿ. ಹಾಗಾಗಿ ಶಿರೂರಿನಂಥ ಊರಿನ ದುಃಖ ಯಾವಾಗಲೂ ಹೆದ್ದಾರಿಯ ಮೇಲೆ ಲೆಕ್ಕ ಹಾಕುತ್ತಿರುತ್ತದೆ: ಹತ್ತು ನಿಮಿಷ ಮೊದಲು ಹೊರಟಿದ್ದರೆ? ಹೆಮ್ಮಾಡಿಯಲ್ಲಿ ನಿಲ್ಲದೆ ಹೋಗಿದ್ದರೆ? ಈ ಲೆಕ್ಕಕ್ಕೆ ಉತ್ತರವಿಲ್ಲವೆಂದು ಹಾಕುವವರಿಗೂ ಗೊತ್ತು. ಲೆಕ್ಕ ಬಿಟ್ಟರೆ ಹೋದವರನ್ನೇ ಕೈಬಿಟ್ಟಂತೆ ಎಂಬ ಭಯ ಅವರದು.

*

ಪ್ರತಿ ಮನೆಯ ದುಃಖದಲ್ಲೂ ಮೊದಲ ಆರೋಪಿ ಸಿಕ್ಕಿಯೇ ಇರುತ್ತಾನೆ: ಉಳಿದವನು. ಅವನ ವಿರುದ್ಧ ಸಾಕ್ಷಿಯಿಲ್ಲ, ಅವನ ಪರ ವಕೀಲನೂ ಇಲ್ಲ.

*

ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಕೊಂದರು. ಓದುಗರು ಬಿಡಲಿಲ್ಲ, 1903ರಲ್ಲಿ ಬದುಕಿಸಿದರು. 1918ರಲ್ಲಿ ಮಗ ಕಿಂಗ್ಸ್‌ಲಿ ತೀರಿಕೊಂಡ. ಜಗತ್ತಿನ ಅತಿ ದೊಡ್ಡ ತರ್ಕಶಾಲಿಯನ್ನು ಸೃಷ್ಟಿಸಿದವರು ಉಳಿದ ಆಯಸ್ಸನ್ನು ಸತ್ತವರೊಡನೆ ಮಾತಾಡಬಹುದು ಎಂದು ಊರೂರಲ್ಲಿ ಸಾರುತ್ತಾ ಕಳೆದರು. ನಗಬೇಡಿ. ತರ್ಕ ತಂದೆಯನ್ನು ಎಲ್ಲಿಯವರೆಗೆ ಕೈಹಿಡಿದು ನಡೆಸಬಲ್ಲದು ಎಂಬುದನ್ನು ಆ ಬದುಕು ಹೇಳುತ್ತದೆ.

*

ಅಗಾಥಾ ಕ್ರಿಸ್ಟಿಯ ತಾಯಿ 1926ರಲ್ಲಿ ತೀರಿಕೊಂಡರು. ಅದೇ ವರ್ಷ ಗಂಡ ಬೇರೆ ಹೆಣ್ಣಿನ ಮಾತೆತ್ತಿದ. ಡಿಸೆಂಬರಿನಲ್ಲಿ ಆಕೆ ಹನ್ನೊಂದು ದಿನ ಕಾಣೆಯಾದರು. ಆತ್ಮಕಥೆಯಲ್ಲಿ ಆ ದಿನಗಳ ಬಗ್ಗೆ ಒಂದು ಮಾತೂ ಇಲ್ಲ. ಅರವತ್ತಕ್ಕೂ ಹೆಚ್ಚು ಕಾದಂಬರಿಗಳ ಗಂಟು ಬಿಚ್ಚಿ ತೋರಿಸಿದ ಕೈ ಒಂದು ಗಂಟನ್ನು ಹಾಗೇ ಇಟ್ಟುಕೊಂಡಿತು. ದುಃಖಕ್ಕೆ ಆ ಹಕ್ಕು ಇದೆ.

*

ಮಹಜರಿನಲ್ಲಿ ಸತ್ತವನ ಅಂಗಿಯ ಬಣ್ಣ ಇರುತ್ತದೆ, ಕಿಸೆಯಲ್ಲಿದ್ದ ಹಣ ಇರುತ್ತದೆ, ಬಸ್ ಟಿಕೆಟ್ ಇರುತ್ತದೆ, ಪಂಚರ ಸಹಿ ಇರುತ್ತದೆ. ಆ ಅಂಗಿಯನ್ನು ಹಬ್ಬಕ್ಕೆಂದು ಆರಿಸಿದ್ದು ಯಾರು ಎಂಬುದು ಇರುವುದಿಲ್ಲ. ಕಾದಂಬರಿಕಾರನ ಕೆಲಸ ಶುರುವಾಗುವುದು ಪಂಚರು ಸಹಿ ಹಾಕಿ ಎದ್ದ ಮೇಲೆ.

*

ಮೂವತ್ತು ವರ್ಷ ಜೊತೆಗಿದ್ದವರು ಕಾಣೆಯಾದರೆ ಅವರನ್ನು ಠಾಣೆಯಲ್ಲಿ ಮೂರು ಸಾಲಿನಲ್ಲಿ ಹೇಳಬೇಕಾಗುತ್ತದೆ: ಎತ್ತರ, ಮೈಬಣ್ಣ, ಉಟ್ಟ ಬಟ್ಟೆ. ಹೇಮಂತ್ ರಾವ್ 2016ರಲ್ಲಿ ಆ ಪ್ರಕಟಣೆಯ ಭಾಷೆಯನ್ನೇ ತಮ್ಮ ಸಿನಿಮಾಕ್ಕೆ ಹೆಸರಾಗಿಟ್ಟರು: ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಮರೆವಿನ ಕಾಯಿಲೆಯ ತಂದೆ ಕಾಣೆಯಾಗುತ್ತಾರೆ. ಹುಡುಕಲು ಹೊರಟ ಮಗನಿಗೆ ಅವರು ಎಂಥವರಾಗಿದ್ದರು ಎಂಬುದು ಆಗ ತಿಳಿಯುತ್ತಾ ಹೋಗುತ್ತದೆ. ಕಣ್ಣೆದುರು ಇದ್ದಾಗ ನಾವು ಯಾರನ್ನೂ ಹುಡುಕುವುದಿಲ್ಲ.

*

ಇದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಕೋಟ, ಶಿವರಾಮ ಕಾರಂತರ ಊರು. ಅವರು 1960ರಲ್ಲಿ ‘ಅಳಿದ ಮೇಲೆ’ ಬರೆದರು. ಮುಂಬಯಿಯಲ್ಲಿ ಯಶವಂತರಾಯರು ತೀರಿಕೊಳ್ಳುತ್ತಾರೆ. ಅವರು ಬಿಟ್ಟುಹೋದ ಕಾಗದಪತ್ರ, ಹಣ ಕಳಿಸುತ್ತಿದ್ದ ವಿಳಾಸಗಳು ಕೈಗೆ ಬಂದ ನಿರೂಪಕ ಆ ವಿಳಾಸ ಹಿಡಿದು ಊರೂರು ಅಲೆಯುತ್ತಾನೆ. ಕೊಲೆಯಿಲ್ಲ, ಕೊಲೆಗಾರನಿಲ್ಲ, ಪೊಲೀಸರಿಲ್ಲ. ಆದರೂ ಇದು ಕನ್ನಡದ ಬಹು ದೊಡ್ಡ ತನಿಖೆಯ ಕಾದಂಬರಿ ಎಂದು ನಾನು ನಂಬಿದ್ದೇನೆ. ಇಲ್ಲಿ ಹುಡುಕುತ್ತಿರುವುದು ಸತ್ತವನನ್ನೇ.

*

ಪರಿಚಯ ರೈಲುಬಂಡಿಯಲ್ಲಿ ಆದದ್ದಾಗಿರಬಹುದು, ನಾಲ್ಕು ದಿನದ್ದಾಗಿರಬಹುದು. ಒಬ್ಬ ಸತ್ತ ಮೇಲೆ ಅವನನ್ನು ಅರಿಯುವ ಹೊಣೆ ಹೊತ್ತವನು ಅವನ ನೆಂಟ. ಕಾರಂತರ ನಿರೂಪಕನಿಗೆ ಯಾರೂ ಸಂಬಳ ಕೊಡಲಿಲ್ಲ.

*

ಯಶವಂತರಾಯರನ್ನು ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ದೂರುತ್ತಾರೆ. ಪತ್ತೇದಾರನಾಗಿದ್ದರೆ ಯಾರ ಮಾತು ಸುಳ್ಳು ಎಂದು ನೋಡುತ್ತಿದ್ದ. ಸತ್ತವರ ವಿಷಯದಲ್ಲಿ ಎದುರುಬದುರು ಹೇಳಿಕೆಗಳೆಲ್ಲ ನಿಜವಾಗಿರಲು ಸಾಧ್ಯ. ಒಬ್ಬನೇ ಮನುಷ್ಯ ಒಂದು ಮನೆಗೆ ಅನ್ನವಿಟ್ಟು ಇನ್ನೊಂದು ಮನೆಗೆ ಬೆನ್ನು ತಿರುಗಿಸಿರುತ್ತಾನೆ.

*

ರಹಸ್ಯಗಳು ಹೊರಬೀಳುವುದು ಸತ್ತ ಮೇಲೆ: ಯಾರಿಗೂ ಹೇಳದ ಸಾಲ, ಯಾರಿಗೋ ಕಟ್ಟುತ್ತಿದ್ದ ಶಾಲೆಯ ಫೀಸು, ಸೊಸೈಟಿಯಲ್ಲಿ ಅಡವಿಟ್ಟ ಬಳೆ. ಪತ್ತೇದಾರಿ ಕಾದಂಬರಿಗೆ ರಹಸ್ಯ ಎಂದರೆ ಅಪರಾಧದ ಸುಳಿವು. ಮನೆಯವರು ಅದನ್ನು ಬೇರೆ ಕಣ್ಣಿನಿಂದ ಓದಬೇಕು. ಇಷ್ಟು ಭಾರವನ್ನು ಒಬ್ಬರೇ ಹೊತ್ತಿದ್ದರು, ನಮಗೆ ತಾಗಗೊಡಲಿಲ್ಲ.

*

ನಮ್ಮ ದೇಶದಲ್ಲಿ ಕೊಲೆಯ ತನಿಖೆ ಪೊಲೀಸರದು. ಖಾಸಗಿ ಪತ್ತೇದಾರನಿಗೆ ಆ ಅಧಿಕಾರವಿಲ್ಲ. ಅಂಥ ಸಂಸ್ಥೆಗಳಿಗೆ ಪರವಾನಗಿ ತರಲು ಹೊರಟ 2007ರ ಮಸೂದೆಯೂ ಕಾಯಿದೆಯಾಗಲಿಲ್ಲ. ನಮ್ಮಲ್ಲಿ ನಿಜವಾದ ಖಾಸಗಿ ಪತ್ತೇದಾರರು ಮನೆಯೊಳಗೇ ಇದ್ದಾರೆ: ಗಂಡನ ಹಳೆಯ ಡೈರಿಯ ಎದುರು ಕುಳಿತ ಹೆಂಡತಿ, ಮಗನ ಫೋನಿನ ಪ್ಯಾಟರ್ನ್ ಗೊತ್ತಿಲ್ಲದೆ ಬೆರಳಾಡಿಸುವ ಅಪ್ಪ.

*

ಹೋದವರ ನಂಬರಿಗೆ ರೀಚಾರ್ಜ್ ಮಾಡಿಸುವವರಿದ್ದಾರೆ. ಅಂಗಡಿಯವನು ಎಷ್ಟರದು ಎಂದಷ್ಟೇ ಕೇಳುತ್ತಾನೆ. ಒಂದು ಹೆಸರು ಫೋನಿನಲ್ಲಿ ಬೆಳಗುವುದನ್ನು ನೋಡಲು ಕೊಡುವ ಆ ಹಣವನ್ನು ದಂಡ ಎನ್ನಬೇಡಿ.

*

ಗಲ್ಫ್‌ನಲ್ಲಿ ತೀರಿಕೊಂಡವರ ಸುದ್ದಿ ಫೋನಿನಲ್ಲಿ ಬರುತ್ತದೆ, ಕಾಗದಪತ್ರ ಮುಗಿದ ಮೇಲೆ ದೇಹ ಬರುತ್ತದೆ. ಕೆಲವೊಮ್ಮೆ ಅಲ್ಲೇ ಮಣ್ಣಾಗಿ ಪೆಟ್ಟಿಗೆ ಮಾತ್ರ ಬರುತ್ತದೆ. ಪೆಟ್ಟಿಗೆ ತೆರೆದರೆ ಮಕ್ಕಳಿಗೆಂದು ತೆಗೆದಿಟ್ಟ ಬಟ್ಟೆ, ಅಳತೆ ಎರಡು ವರ್ಷ ಹಳೆಯದು. ಆ ಅಂಗಿ ತೋಳಿಗೆ ಏರುವುದಿಲ್ಲ. ಅಪ್ಪನ ಮನಸ್ಸಿನಲ್ಲಿ ತಾನು ಎಷ್ಟು ಎತ್ತರ ಇದ್ದೆ ಎಂದು ಮಗುವಿಗೆ ಆಗ ಗೊತ್ತಾಗುತ್ತದೆ.

*

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅದರಲ್ಲಿ ಉತ್ತರ ಕನ್ನಡದವರೂ ಇದ್ದರು. 2019ರ ಮೇ ಆರಂಭದಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರದಡಿಯಲ್ಲಿ ನೌಕಾಪಡೆ ಅದರ ಅವಶೇಷ ಕಂಡಿತು. ಬೋಟು ಪತ್ತೆಯಾಯಿತು ಎಂದು ಸುದ್ದಿ ಬಂತು. ಕಡಲಿಗೆ ಹೋದವರ ಮನೆಯಲ್ಲಿ ಪತ್ತೆ ಎಂದರೆ ಬೋಟು ನಡೆಸುವ ತಾಂಡೇಲನ ದನಿ ಬಾಗಿಲಲ್ಲಿ ಕೇಳುವುದು.

*

ಒಬ್ಬನ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಆತ ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತುಮಾಡಬೇಕು: ಇದು 1872ರ ಸಾಕ್ಷ್ಯ ಕಾಯಿದೆಯ 108ನೇ ಕಲಂ ಆಗಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯಿದೆಯೂ ಅದನ್ನೇ ಹೇಳುತ್ತದೆ. ಆಸ್ತಿಯ ಹಕ್ಕಿಗೆ ಈ ಕಲಂ ಬೇಕು. ಆದರೆ ಆತ ಬದುಕಿದ್ದಾನೆ ಎನ್ನುತ್ತಾ ಬಾಗಿಲಲ್ಲಿ ಕೂತವಳ ಮೇಲೆ ಅದು ಎಂಥ ಭಾರ ಹೊರಿಸುತ್ತದೆ ನೋಡಿ. ಅವಳ ಹತ್ತಿರ ಇರುವುದು ಆಸೆ; ನ್ಯಾಯಾಲಯ ಕೇಳುವುದು ಪುರಾವೆ.

*

ದೇಹ ಸಿಗದಿದ್ದರೆ ದರ್ಭೆಯಲ್ಲಿ ಆಕಾರ ಮಾಡಿ ಸಂಸ್ಕಾರ ನಡೆಸುವ ಕ್ರಮವಿದೆ. ಕರಾವಳಿಯ ಮುಸ್ಲಿಮರಲ್ಲಿ, ಶಾಫಿ ಪದ್ಧತಿಯಂತೆ, ದೂರದಲ್ಲಿ ತೀರಿಹೋದವರಿಗೆ ದೇಹವಿಲ್ಲದೆಯೂ ಜನಾಜಾ ನಮಾಜು ಸಲ್ಲುತ್ತದೆ. ಶಿರೂರಿನಲ್ಲಿ ಈ ಎರಡೂ ಮನೆಗಳಿವೆ. ದೇವರ ಹೆಸರು ಬೇರೆಯಾದರೂ ಎರಡೂ ಮನೆಯವರಿಗೆ ಬೇಕಾದದ್ದು ಒಂದೇ: ಇಲ್ಲದವರನ್ನು ಇಲ್ಲಿಂದ ಕಳಿಸಿಕೊಡಲು ಒಂದು ದಾರಿ.

*

ಸೂತಕಕ್ಕೆ ದಿನ ಗೊತ್ತಿದೆ. ಗಂಡ ತೀರಿದವಳ ಇದ್ದತ್‌ಗೆ ನಾಲ್ಕು ತಿಂಗಳು ಹತ್ತು ದಿನ. ಕೋರ್ಟಿಗೆ ಏಳು ವರ್ಷ. ಇಷ್ಟು ಗಡುವು ಹಾಕಿಟ್ಟ ಹಿರಿಯರು ದುಃಖ ಅಷ್ಟಕ್ಕೇ ಮುಗಿಯುತ್ತದೆ ಎಂದು ನಂಬಿದವರಲ್ಲ. ಗಡುವಿನ ಮರುದಿನ ಒಲೆ ಹಚ್ಚಲೇಬೇಕು ಎಂದು ಬಲ್ಲವರು.

*

ಇದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಅಂಕೋಲಾ ತಾಲ್ಲೂಕಿನಲ್ಲಿ ಇನ್ನೊಂದು ಶಿರೂರು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿಯಿತು. ಕೇರಳದ ಲಾರಿ ಚಾಲಕನ ದೇಹ ಗಂಗಾವಳಿ ನದಿಯೊಳಗಿನ ಲಾರಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟೂ ದಿನ ಎರಡು ರಾಜ್ಯದ ಜನ ಕಾದರು. ದೇಹ ಸಿಕ್ಕಿತು ಎಂದು ಯಾರೋ ನಿಟ್ಟುಸಿರು ಬಿಟ್ಟರೆ ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ಅಳುವುದಕ್ಕೂ ಒಂದು ನೆಲ ಬೇಕು.

*

ಹುಡುಕಿ ಸೋತಾಗ ಪೊಲೀಸರು ಸಿ ರಿಪೋರ್ಟ್ ಹಾಕುತ್ತಾರೆ: ಪ್ರಕರಣ ಪತ್ತೆಯಾಗಿಲ್ಲ. ಮನೆಯವರಿಗೂ ಅಂಥದೊಂದು ವರದಿ ಹಾಕುವ ದಿನ ಬರಬೇಕು. ತಿಳಿಯಲಾಗದ್ದನ್ನು ತಿಳಿಯಲಾಗಲಿಲ್ಲ ಎಂದು ಬರೆದಿಟ್ಟವನು ಸೋತವನಲ್ಲ. ತನಿಖೆಗೆ ಕೊಟ್ಟ ಹೊತ್ತನ್ನು ಅವನು ಇನ್ನು ಬದುಕಿಗೆ ಕೊಡಬಲ್ಲ.

*

ಆಸಾಡಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಮಳೆ ಹಿಡಿದು ಕೂತರೆ ಜನ ಮನೆಯೊಳಗೆ. ಹೋದವರ ಸುದ್ದಿ ಹೆಚ್ಚು ಏಳುವುದು ಆಗಲೇ. ಕೆಲಸ ದುಃಖವನ್ನು ಮರೆಸುತ್ತದೆ ಎನ್ನುತ್ತಾರೆ. ಬಿಡುವಾದಾಗ ಅದು ತನ್ನ ಪಾಲಿನ ಮಾತು ಕೇಳಿ ಪಡೆಯುತ್ತದೆ.

*

ಕೊಲೆಗಾರ ಸಿಕ್ಕಿದ ಮೇಲೆ ಓದುಗ ಪುಸ್ತಕ ಮುಚ್ಚುತ್ತಾನೆ. ಸತ್ತವನ ಮನೆಯಲ್ಲಿ ಅಂದು ರಾತ್ರಿಯೂ ಒಂದು ತಟ್ಟೆ ಕಡಿಮೆಯೇ. ನ್ಯಾಯ ಸಿಗಲೇಬೇಕು, ಅದಕ್ಕಾಗಿ ಹೋರಾಡಲೇಬೇಕು. ನ್ಯಾಯ ಸಿಕ್ಕಿದರೆ ದುಃಖ ತೀರುತ್ತದೆ ಎಂದು ಮಾತ್ರ ಯಾರಿಗೂ ಮಾತು ಕೊಡಬೇಡಿ.

*

ನಮ್ಮ ಕರಾವಳಿಯ ಪತ್ತೇದಾರಿ ಕಾದಂಬರಿ ಇನ್ನೂ ಬರಬೇಕಾಗಿದೆ. ಹೆದ್ದಾರಿ, ಕಡಲು, ಗಲ್ಫ್ ಮೂರೂ ದಿಕ್ಕಿನಿಂದ ಸಾವಿನ ಸುದ್ದಿ ಬರುವ ಊರುಗಳಿವು. ಅದರ ಪತ್ತೇದಾರ ಬಂದೂಕು ಹಿಡಿಯಬೇಕಿಲ್ಲ. ಸಾವಿನ ಮನೆಯಲ್ಲಿ ಹೊತ್ತು ಕಳೆಯುವ ತಾಳ್ಮೆ ಇದ್ದರೆ ಸಾಕು. ಬರೆಯುವ ಹುಡುಗ ಹುಡುಗಿಯರು ‘ಅಳಿದ ಮೇಲೆ’ಯನ್ನು ಒಮ್ಮೆ ಪತ್ತೇದಾರಿಯೆಂದೇ ಓದಿ ನೋಡಲಿ.

*

“ಕಡೀಗೆ ಎಂತ ಹೇಳ್ದ?” ಎಂದು ಕೇಳುವ ತಂದೆತಾಯಿಗೆ ದೊಡ್ಡ ಮಾತು ಬೇಕಾಗಿಲ್ಲ. ಮೀನಿಗೆ ಹುಳಿ ಹೆಚ್ಚಾಯಿತು ಎಂದಿದ್ದನಂತೆ ಎಂದರೂ ಅದನ್ನೇ ವರ್ಷಗಟ್ಟಲೆ ಜೋಪಾನ ಮಾಡುತ್ತಾರೆ.

*

ತೀರಿಹೋದ ಯಾರದ್ದಾದರೂ ಒಂದು ಸಣ್ಣ ಸಂಗತಿ ನಿಮಗೆ ಗೊತ್ತಿದ್ದರೆ, ನಿಮಗೆ ಮಾಡಿದ ಉಪಕಾರವೋ, ಬಸ್ಸಿನಲ್ಲಿ ಆಡಿದ ಮಾತೋ, ತೀರಿಸಿದ ಸಾಲವೋ, ಹೋಗಿ ಅವರ ಮನೆಯವರಿಗೆ ಹೇಳಿ. ಅವರು ಕಾಯುತ್ತಿರುವ ಸಾಕ್ಷಿ ನೀವೇ. ಬೊಜ್ಜ, ಅಂದರೆ ಉತ್ತರಕ್ರಿಯೆ, ಕಳೆದು ವರ್ಷವಾಗಿದ್ದರೂ ಹೋಗಿ; ಈ ಹೇಳಿಕೆಗೆ ಅವಧಿ ಮೀರುವುದಿಲ್ಲ.