ಸಣ್ಣ ಕೊಡುಗೆಯ ಅಳತೆ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ವರ್ಷಕ್ಕೊಮ್ಮೆ ಡ್ರಾಫ್ಟ್ ನಡೆಯುತ್ತದೆ. 32 ತಂಡಗಳು ಏಳು ಸುತ್ತುಗಳಲ್ಲಿ ಸುಮಾರು 250 ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಯಾರಿಗೂ ಬೇಡವಾಗಿ ಉಳಿದವರು ಅನ್‌ಡ್ರಾಫ್ಟೆಡ್. ಅವರಲ್ಲಿ ಕೆಲವರು ಹೇಗೋ ತಂಡದ 53 ಜನರೊಳಗೆ ಜಾಗ ಗಿಟ್ಟಿಸಿ, ಒಂದೆರಡು ವರ್ಷ ಆಡಿ ಹೊರಬೀಳುತ್ತಾರೆ. ಅಂಥವನೊಬ್ಬ ಹೊರಟಾಗ ಅಭಿಮಾನಿಗಳು ಅವನ ಲೆಕ್ಕ ತೆಗೆಯುತ್ತಾರೆ: ಪಾಪ, ಕೈಲಾದಷ್ಟು ಮಾಡಿದ, ಅವತ್ತೊಂದು ದಿನ ಮಾನ ಉಳಿಸಿದ. ಹೀಗೆ ನಾವು ತೂಗುವುದು ಆಟಗಾರನನ್ನೋ, ಅವನ ಅದೃಷ್ಟವನ್ನೋ?

2015ರ ಜನವರಿ 18, ಸಿಯಾಟಲ್. ಗೆದ್ದವರಿಗೆ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಪ್ರವೇಶ. ಪಂದ್ಯ ಮುಗಿಯಲು ಎರಡೇ ನಿಮಿಷ ಉಳಿದಿದ್ದಾಗ ಗ್ರೀನ್ ಬೇ ಪ್ಯಾಕರ್ಸ್ 19-14ರಿಂದ ಮುಂದಿತ್ತು. ಸಿಯಾಟಲ್ ಸೀಹಾಕ್ಸ್ ಚೆಂಡನ್ನು ಬೇಕೆಂದೇ ಹತ್ತಿರಕ್ಕೆ ಒದ್ದು ತಾನೇ ಹಿಡಿಯುವ ಆನ್‌ಸೈಡ್ ಕಿಕ್‌ಗೆ ಕೈಹಾಕಿತು. ಪ್ಯಾಕರ್ಸ್‌ನ ಬ್ರ್ಯಾಂಡನ್ ಬಾಸ್ಟಿಕ್‌ಗೆ ಒಪ್ಪಿಸಿದ್ದ ಕೆಲಸ ಎದುರಾಳಿಯನ್ನು ತಡೆಯುವುದಷ್ಟೇ. ಚೆಂಡು ಹಿಡಿಯಲು ಹಿಂದೆ ಜೋರ್ಡಿ ನೆಲ್ಸನ್ ಇದ್ದ. ಬಾಸ್ಟಿಕ್ ತಾನೇ ಜಿಗಿದ. ಅವನಿಂದ ಜಾರಿದ ಚೆಂಡು ಸೀಹಾಕ್ಸ್‌ನ ಕ್ರಿಸ್ ಮ್ಯಾಥ್ಯೂಸ್ ಪಾಲಾಯಿತು. ಸಿಯಾಟಲ್ ಹೆಚ್ಚುವರಿ ಅವಧಿಯಲ್ಲಿ 28-22ರಿಂದ ಗೆದ್ದಿತು. ಕೈಬಿಟ್ಟವನೂ ಹಿಡಿದವನೂ ಇಬ್ಬರೂ ಅನ್‌ಡ್ರಾಫ್ಟೆಡ್. ಮರುತಿಂಗಳೇ ಪ್ಯಾಕರ್ಸ್ ಬಾಸ್ಟಿಕ್‌ನನ್ನು ತೆಗೆದುಹಾಕಿತು.

ಮ್ಯಾಥ್ಯೂಸ್ 2011ರ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿ, ಆಮೇಲೆ ಕೆನಡಾದ ಲೀಗ್‌ನಲ್ಲಿ ಆಡಿದ್ದವನು. ಸಿಯಾಟಲ್‌ನ ಕರೆ ಬಂದಾಗ ಶೂ ಅಂಗಡಿಯಲ್ಲಿ ಕೆಲಸಕ್ಕಿದ್ದ. ಎನ್‌ಎಫ್‌ಎಲ್‌ನಲ್ಲಿ ಅವನು ಹಿಡಿದ ಮೊದಲ ಪಾಸ್ ಸೂಪರ್ ಬೌಲ್‌ನದೇ. ಆ ಸಂಜೆ ನಾಲ್ಕು ಪಾಸ್, 109 ಗಜ, ಒಂದು ಟಚ್‌ಡೌನ್. ಆದರೂ ಸಿಯಾಟಲ್ 28-24ರಿಂದ ಸೋತಿತು. ಕೊನೆಗಳಿಗೆಯಲ್ಲಿ ಗೋಲ್ ಗೆರೆಯ ಬಳಿ ಪಾಸ್ ಕಸಿದು ಪಂದ್ಯ ಮುಗಿಸಿದ, ಎದುರಾಳಿ ಪೇಟ್ರಿಯಟ್ಸ್ ತಂಡದ ಮಾಲ್ಕಮ್ ಬಟ್ಲರ್ ಕೂಡ ಅನ್‌ಡ್ರಾಫ್ಟೆಡ್. ಅದೇ ವರ್ಷದ ನವೆಂಬರ್‌ನಲ್ಲಿ ಮ್ಯಾಥ್ಯೂಸ್ ಕೂಡ ಸಿಯಾಟಲ್‌ನಿಂದ ಹೊರಬಿದ್ದ.

ತಂಡದ ಆಡಳಿತವನ್ನು ದೂರಿ ಫಲವಿಲ್ಲ. ಅದು ನೋಡುವುದು ಮುಂದಿನ ಪಂದ್ಯವನ್ನು, ನೋಡಬೇಕಾದದ್ದೂ ಅದನ್ನೇ. ಹಿಂದಿನದನ್ನು ನೆನೆಯುವ ಹೊಣೆ ಅಭಿಮಾನಿಯದು. ಆದರೆ ಅವನ ನೆನಪೂ ನ್ಯಾಯವಾದದ್ದೇನಲ್ಲ. ಮ್ಯಾಥ್ಯೂಸ್ ಹಿಡಿದಂಥ ಚೆಂಡನ್ನು ಇನ್ನಾರೋ ಸೆಪ್ಟೆಂಬರ್‌ನ ಸಪ್ಪೆ ಪಂದ್ಯದಲ್ಲಿ ಹಿಡಿದಿದ್ದರೆ ವಾರದಲ್ಲಿ ಮರೆತುಹೋಗುತ್ತಿತ್ತು. ಬಾಸ್ಟಿಕ್‌ನ ತಪ್ಪೂ ಅಷ್ಟೇ.

ತತ್ತ್ವಜ್ಞರಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 1976ರಲ್ಲಿ ಎತ್ತಿದ ನೈತಿಕ ಅದೃಷ್ಟದ ಪ್ರಶ್ನೆ ಇದೇ: ನಮ್ಮ ಹಿಡಿತದಲ್ಲಿಲ್ಲದ ಸಂಗತಿಗಳು ನಮ್ಮ ಹೊಗಳಿಕೆ, ತೆಗಳಿಕೆಯನ್ನು ಇಷ್ಟೊಂದು ನಿರ್ಧರಿಸಬಹುದೇ? ನಮ್ಮವರಿಗೆ ಇಲ್ಲಿ ಗೀತೆಯ ನಿಷ್ಕಾಮ ಕರ್ಮ ನೆನಪಾದೀತು. ಆದರೆ ಅದು ಕೆಲಸ ಮಾಡುವವನಿಗೆ ಹೇಳಿದ್ದು. ಗ್ಯಾಲರಿಯಲ್ಲಿ ಕೂತು ತೀರ್ಪು ಕೊಡುವವನು ಫಲವನ್ನು ಎಷ್ಟು ಲೆಕ್ಕಕ್ಕೆ ಹಿಡಿಯಬೇಕೆಂಬುದು ಬೇರೆಯೇ ಪ್ರಶ್ನೆ.

ನನ್ನ ಉತ್ತರ ಇಷ್ಟು: ಮಾಡಿದ್ದು ಅವನದು, ಅದರ ಗಾತ್ರ ಅವನದಲ್ಲ. ಬಾಸ್ಟಿಕ್ ಒಪ್ಪಿಸಿದ ಕೆಲಸ ಬಿಟ್ಟು ಜಿಗಿದದ್ದು ತಪ್ಪೇ. ಅದನ್ನು ಅದೃಷ್ಟದ ತಲೆಗೆ ಕಟ್ಟಲಾಗದು. ಆದರೆ ಒಂದಿಡೀ ಋತುವಿನ ಸೋಲನ್ನು ಅವನೊಬ್ಬನ ತಲೆಗೆ ಕಟ್ಟುವುದೂ ಅನ್ಯಾಯ. ಆಮೇಲೆ ಇನ್ನಷ್ಟು ಆಟ ಬಾಕಿಯಿತ್ತು, ಮೈದಾನದಲ್ಲಿ ಇನ್ನೆಷ್ಟೋ ಜನರಿದ್ದರು. ಹಾಗೆಯೇ ಚೆಂಡು ಬಂದಾಗ ಮ್ಯಾಥ್ಯೂಸ್ ಅಲ್ಲಿದ್ದ, ಎಚ್ಚರವಾಗಿದ್ದ. ಆ ಎಚ್ಚರಕ್ಕೆ ಶಭಾಷ್‌ಗಿರಿ ಸಲ್ಲಲಿ. ಚೆಂಡು ಅತ್ತಲೇ ಪುಟಿದದ್ದಕ್ಕೆ ಬೇಡ.

ಫಲ ನೋಡದಿದ್ದರೆ ಆಟ ಯಾಕೆ ಎಂದು ಕೇಳಬಹುದು. ಫಲಕ್ಕೆ ಅದರದೇ ಜಾಗವಿದೆ: ಸ್ಕೋರ್‌ಬೋರ್ಡ್. ಅಲ್ಲಿ ಯಾರಿಗೂ ರಿಯಾಯಿತಿ ಬೇಡ. ಮನುಷ್ಯನನ್ನು ಬೀಳ್ಕೊಡುವ ಲೆಕ್ಕಕ್ಕೂ ಅದೇ ಬೋರ್ಡ್ ಹಿಡಿದರೆ, ನಾಲ್ಕು ಪಾಸ್ ಹಿಡಿದವನು ಎಂದೆಂದಿಗೂ ಅಲ್ಪನಾಗಿಯೇ ಉಳಿಯುತ್ತಾನೆ, ಒಂದು ಚೆಂಡು ಬಿಟ್ಟವನು ಎಂದೆಂದಿಗೂ ಅಪರಾಧಿಯಾಗಿ. ಹೊರಟವನ ಬಗ್ಗೆ ಕೇಳಬೇಕಾದದ್ದು ತನ್ನ ಸರದಿಗೆ ಅವನು ಸಿದ್ಧನಾಗಿದ್ದನೇ ಎಂದು. ಕಿಕ್ಕಿರಿದ ಸ್ಟೇಡಿಯಂನಲ್ಲಿ ಅಷ್ಟೇ ಅಲ್ಲ, ಯಾರೂ ನೋಡದ ಅಭ್ಯಾಸದ ಬೆಳಗುಗಳಲ್ಲೂ. ಈ ಪ್ರಶ್ನೆ ಕೇಳಬೇಕಾದರೆ ಅಭಿಮಾನಿ ಆ ಒಂದು ಕ್ಷಣದಾಚೆಗೂ ಆಟ ನೋಡಿರಬೇಕು. ಆಟಗಾರನ ಕೊಡುಗೆಯನ್ನು ಅಲ್ಪವೆನ್ನುವ ಮೊದಲು ತನ್ನ ಗಮನ ಎಷ್ಟಿತ್ತೆಂದು ಅವನು ಅಳೆದುಕೊಳ್ಳಲಿ.