ವಿಷದ ಕಸಕ್ಕೆ ಒಡೆಯನಾರು?

ಒಬ್ಬನು ತನ್ನ ವಸ್ತುವನ್ನು ಎಸೆದುಬಿಟ್ಟ ಮೇಲೆ ಅದರ ಸಂಗಡ ಅವನಿಗಿದ್ದ ಸಂಬಂಧವು ಮುಗಿಯಿತೋ ಎಂಬುವದು ನೋಟಕ್ಕೆ ಸುಲಭವಾದ ಪ್ರಶ್ನೆ. ಹರಿದ ಚಾಪೆಯನ್ನಾಗಲಿ ಒಡೆದ ಮಡಕೆಯನ್ನಾಗಲಿ ತಿಪ್ಪೆಗೆ ಹಾಕಿದವನನ್ನು ಯಾರೂ ಹಿಂದಕ್ಕೆ ಕರೆದು ಲೆಕ್ಕ ಕೇಳುವದಿಲ್ಲ. ತಿಪ್ಪೆಯು ನಮ್ಮ ಹಿರಿಯರ ಒಳ್ಳೇ ಏರ್ಪಾಟು. ಸೆಗಣಿ, ಬೂದಿ, ತರಗು, ಹೊಟ್ಟು ಇವೆಲ್ಲಾ ಅದರಲ್ಲಿ ಬಿದ್ದು ಕೊಳೆತು ಗೊಬ್ಬರವಾಗಿ ಹೊಲಕ್ಕೆ ತಿರುಗಿ ಬರುತ್ತವೆ. ಭೂಮಿಗೆ ಏನನ್ನು ಕೊಟ್ಟರೂ ಆಕೆಯು ಅದನ್ನು ಮಾರ್ಪಡಿಸಿ ಒಳ್ಳೇದನ್ನಾಗಿ ಕೊಡುವಳೆಂಬ ನಂಬಿಕೆಯು ಈ ಕಾರಣದಿಂದಲೇ ನಮ್ಮಲ್ಲಿ ಬೇರೂರಿದೆ. ಆದರೆ ಈಗ ನಮ್ಮ ಸೀಮೆಗೆ ಬಂದಿರುವ ಒಂದು ತರದ ಕಸವು ಈ ನಂಬಿಕೆಗೆ ಒಳಪಡುವಂಥದಲ್ಲ.

ತುಮಕೂರಿನ ಸುತ್ತಮುತ್ತ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರ, ಮತ್ತು ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯ, ಈ ಸ್ಥಳಗಳಲ್ಲಿ ಕೈಗಾರಿಕಾ ಪ್ರದೇಶಗಳುಂಟು. ಗುಬ್ಬಿಯ ಕಡೆಯಿಂದಲೂ ಕುಣಿಗಲಿನ ಕಡೆಯಿಂದಲೂ ಯೌವನಸ್ಥರು ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ, ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುವದು ಆ ಸಂಬಳದಿಂದಲೇ. ಆದಕಾರಣ ಕಾರ್ಖಾನೆಗಳನ್ನು ಬೈಯುವದು ನಮ್ಮ ಉದ್ದೇಶವಲ್ಲ. ಆದರೆ ಲೋಹಕ್ಕೆ ಗಿಲೀಟು ಕೊಡುವ, ಬಣ್ಣ ತಯಾರಿಸುವ, ಔಷಧ ಮಾಡುವ ಕೆಲಸಗಳು ಎಲ್ಲಿ ನಡೆದರೂ ಬಳಸಿ ಉಳಿದ ಆಮ್ಲ, ಕೆಟ್ಟ ಎಣ್ಣೆ, ಸೀಸವೋ ಕ್ರೋಮಿಯಮ್ಮೋ ಕೂಡಿದ ರಾಡಿ ಇಂಥವು ಹಿಂದೆ ಉಳಿಯುತ್ತವೆ. ಇವುಗಳಲ್ಲಿ ಕೆಲವನ್ನು ಬೆಂಕಿಯಿಂದ ನಾಶಮಾಡಬಹುದು. ಸೀಸವನ್ನಾದರೋ ಸುಟ್ಟರೂ ಹೂಳಿದರೂ ಅದು ಸೀಸವೇ. ನೂರು ವರ್ಷ ತಿಪ್ಪೆಯಲ್ಲಿಟ್ಟರೂ ಅದು ಗೊಬ್ಬರವಾಗದು.

ಇಂಥ ಕಸವನ್ನು ಏನು ಮಾಡತಕ್ಕದ್ದೆಂದು ದೇಶದ ಕಾಯಿದೆಯು ಹೇಳಿದೆ. ೧೯೮೯ರಲ್ಲಿ ಮೊದಲು ಮಾಡಿ, ೨೦೧೬ರಲ್ಲಿ ಹೊಸದಾಗಿ ಬರೆದ ನಿಯಮಗಳ ಪ್ರಕಾರ, ಕಾರ್ಖಾನೆಯವರು ಅದನ್ನು ಸೋರದ ಪೀಪಾಯಿಗಳಲ್ಲಿ ತುಂಬಿ, ಮೇಲೆ ಚೀಟಿ ಅಂಟಿಸಿ, ಮಳೆ ಬೀಳದ ಗಟ್ಟಿ ನೆಲದ ಮೇಲೆ ಇಡಬೇಕು. ಮಂಡಳಿಯು ಅವಧಿಯನ್ನು ಹೆಚ್ಚಿಸದ ಹೊರತು ೯೦ ದಿವಸಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಕೂಡದು. ಸಾಗಿಸುವಾಗ ಏಳು ಪ್ರತಿಗಳುಳ್ಳ ರಹದಾರಿ ಪತ್ರವು ಜೊತೆಗಿರಬೇಕು. ಕಳುಹಿಸಿದವನು, ಸಾಗಿಸಿದವನು, ಪಡಕೊಂಡವನು, ಎಲ್ಲರೂ ಅದಕ್ಕೆ ರುಜು ಹಾಕಬೇಕು. ಇದರ ಅಭಿಪ್ರಾಯವೇನಂದರೆ, ಈ ಕಸವು ಹುಟ್ಟಿದ ಕ್ಷಣದಿಂದ ಒಂದು ದಿವಸವಾದರೂ ಒಡೆಯನಿಲ್ಲದೆ ಇರಬಾರದು.

ಆದರೆ ಹೀಗೆ ನಡೆಯುವದಕ್ಕೆ ಹಣ ಬೇಕು. ಹಣ ಉಳಿಸಲಿಚ್ಛಿಸುವವನು ರಾತ್ರಿಯ ಲಾರಿಯನ್ನು ಹುಡುಕುತ್ತಾನೆ, ರಾತ್ರಿಯ ಲಾರಿಯು ಬಡವನ ಬೀಳುಭೂಮಿಯನ್ನು ಹುಡುಕುತ್ತದೆ.

ನಮ್ಮ ವಾಚಕರಲ್ಲಿ ಒಬ್ಬ ರೈತನಿದ್ದಾನೆಂದು ಎಣಿಸಿಕೊಳ್ಳೋಣ. ಅವನಿಗೆ ಎರಡು ಎಕರೆ ಖುಷ್ಕಿ, ಸಾಲ ಮಾಡಿ ಕೊರೆಯಿಸಿದರೂ ಬತ್ತಿಹೋದ ಕೊಳವೆಭಾವಿ, ಬಡ್ಡಿಯ ಚಿಂತೆ. ಸಾಯಂಕಾಲ ಒಬ್ಬ ದಲ್ಲಾಳಿಯು ಬಂದು, “ಯಜಮಾನರೇ, ಭಾವಿಯಂತೂ ಬತ್ತಿದೆ, ಹೊಲ ಬೀಳುಬಿದ್ದಿದೆ. ಎರಡು ರಾತ್ರಿ ನಮ್ಮ ಗಾಡಿ ಬಂದು ಹೋಗಲಿ, ನೀವು ನಾಯಿಯನ್ನು ಕಟ್ಟಿಹಾಕಿದರೆ ಸಾಕು” ಎಂದು ಹೇಳಿ ಹಣವನ್ನು ಜಗಲಿಯ ಮೇಲಿಡುತ್ತಾನೆ. ಆ ರೈತನು ದುಷ್ಟನಲ್ಲ. ಅವನು ತನ್ನೊಳಗೆ ಹೀಗೆ ಆಲೋಚಿಸುತ್ತಾನೆ: ಭೂಮಿ ನನ್ನದು, ಭಾವಿ ನನ್ನದು, ಅದರಲ್ಲಿ ನೀರಿಲ್ಲ. ನಾನು ಯಾರಿಗೆ ಕೇಡು ಮಾಡಿದಂತಾಯಿತು?

ಈ ಮಾತಿಗೆ ನಾವು ಗಟ್ಟಿಯಾದ ಉತ್ತರ ಕೊಡಬೇಕಾಗಿದೆ, ಯಾಕಂದರೆ ಹಸಿದವನ ಮುಂದೆ ಬರೀ ಬುದ್ಧಿವಾದವು ನಿಲ್ಲದು. ಮೊದಲನೆಯದಾಗಿ, ಭಾವಿಯಲ್ಲಿ ನೀರಿಲ್ಲವೆಂದರೆ ದಾರಿಯಿಲ್ಲವೆಂದು ಅರ್ಥವಲ್ಲ. ನಮ್ಮ ಜಿಲ್ಲೆಯ ನೆಲದ ಕೆಳಗಿರುವದು ಗಟ್ಟಿ ಬಂಡೆ. ನೀರು ಅದರ ಬಿರುಕುಗಳಲ್ಲಿ ಹರಿಯುತ್ತದೆ, ಯಾವ ಬಿರುಕು ಯಾರ ತೋಟಕ್ಕೆ ಹೋಗುವದೋ ಮೇಲೆ ನಿಂತವನಿಗೆ ತಿಳಿಯದು. ಕೊಳವೆಭಾವಿಯಾದರೋ ಆ ಬಿರುಕುಗಳನ್ನು ಮುಟ್ಟಲಿಕ್ಕೆಂದೇ ಕೊರೆದ ರಂಧ್ರ. ಮೇಲೆ ಸುರಿದ ವಿಷವನ್ನು ಮಣ್ಣು ಸ್ವಲ್ಪವಾದರೂ ತಡೆದೀತು. ಕೊಳವೆಯೊಳಗೆ ಸುರಿದದ್ದಕ್ಕೆ ಆ ತಡೆಯೂ ಇಲ್ಲ. ಒಳ್ಳೇ ಮಳೆಯಾದ ವರುಷ ಬತ್ತಿದ ಭಾವಿಗೂ ನೀರು ಬರುತ್ತದೆಂಬುವದನ್ನು ಆ ರೈತನೇ ಬಲ್ಲನು. ಅದಕ್ಕಾಗಿಯೇ ಅಲ್ಲವೋ ಅವನು ಇನ್ನೂ ಅದರ ಬಾಯಿಗೆ ಕಲ್ಲು ಮುಚ್ಚಿಟ್ಟಿರುವದು? ಇನ್ನು ಮೇಲಿನ ಹಳ್ಳಕೊಳ್ಳಗಳ ನೀರನ್ನು ನೋಡುವದಾದರೆ, ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಗೆ ಬಂದು, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ, ಅಲ್ಲಿಂದ ಮದ್ದೂರಿನ ಮಾರ್ಗವಾಗಿ ಕಾವೇರಿಯನ್ನು ಸೇರುತ್ತದೆ. ಗುಬ್ಬಿಯವನು ತನ್ನ ಹಳ್ಳಕ್ಕೆ ಬಿಟ್ಟದ್ದು ಕುಣಿಗಲಿನವನ ಗದ್ದೆಗೆ ಬರುವದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ರಾಜಸ್ಥಾನದಲ್ಲಿ ಉದಯಪುರದ ಬಳಿ ಬಿಛ್ಡಿ ಎಂಬ ಹಳ್ಳಿಯುಂಟು. ೧೯೮೭ನೇ ಇಸವಿಯ ಹೊತ್ತಿಗೆ ಅಲ್ಲಿ ಬಣ್ಣಗಳ ತಯಾರಿಕೆಗೆ ಬೇಕಾದ ಎಚ್ ಆಮ್ಲವೆಂಬ ರಸವಸ್ತುವನ್ನು ಮಾಡತೊಡಗಿದರು. ಪರದೇಶಗಳಿಗೆ ಅದು ಬೇಕಾಗಿತ್ತು, ಆದರೆ ಅದರ ರಾಡಿಯು ಬೇಡವಾಗಿತ್ತು. ಕೆಲಸ ನಡೆದದ್ದು ಎರಡು ವರ್ಷಗಳಷ್ಟು ಮಾತ್ರ. ಅಷ್ಟರಲ್ಲಿ ಹುಟ್ಟಿದ ರಾಡಿಯು ೨,೪೦೦ ಟನ್ನಿಗೂ ಮೇಲೆ. ಅದನ್ನು ಬಯಲಿನಲ್ಲಿ ಚೆಲ್ಲಿದರು, ಮಣ್ಣಿನೊಡನೆ ಬೆರಸಿದರು. ಮಳೆನೀರು ಅದನ್ನು ಇಳಿಸಿಕೊಂಡು ಹೋಯಿತು. ಸುತ್ತಲಿನ ಹಳ್ಳಿಗಳ ಭಾವಿಗಳ ನೀರು ಬಣ್ಣಗೆಟ್ಟು, ಮನುಷ್ಯರಿಗೂ ದನಗಳಿಗೂ ಪೈರಿಗೂ ಬಾರದೆ ಹೋಯಿತು. ೧೯೯೬ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ಕೆಡಿಸಿದವನೇ ಸರಿಮಾಡುವ ವೆಚ್ಚವನ್ನು ಹೊರಬೇಕೆಂದು ವಿಧಿಸಿತು. ಆದರೂ ಹಣವು ಬರಲಿಲ್ಲ. ೨೦೧೧ರಲ್ಲಿ ಅದೇ ನ್ಯಾಯಸ್ಥಾನವು ಬಡ್ಡಿ ಸಹಿತ ಕೊಡಬೇಕೆಂದು ಪುನಃ ಹೇಳಬೇಕಾಯಿತು. ಎರಡು ವರ್ಷಗಳ ವ್ಯಾಪಾರ, ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ವ್ಯಾಜ್ಯ! ಆ ಊರಿನವರು ತೀರ್ಪನ್ನು ಗೆದ್ದರು, ಆದರೆ ತೀರ್ಪಿನ ಕಾಗದವನ್ನು ಭಾವಿಗೆ ಇಳಿಸಿ ನೀರು ಸೇದಲಾಗುವದಿಲ್ಲ.

ಗುಂಡಿಯನ್ನು ಅಗೆದು ಮುಚ್ಚದೆ ಬಿಟ್ಟವನು, ಅದರಲ್ಲಿ ಬಿದ್ದ ನೆರೆಯವನ ಎತ್ತಿಗೆ ಬೆಲೆ ತೆರಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿರುವದನ್ನು ನಮ್ಮ ವಾಚಕರು ಬಲ್ಲರು. ಅಗೆದವನಿಗೆ ಎತ್ತಿನ ಮೇಲೆ ಹಗೆಯಿತ್ತೋ ಎಂದು ಅಲ್ಲಿ ಯಾರೂ ವಿಚಾರಿಸುವದಿಲ್ಲ. ಗುಂಡಿ ಅವನದು, ಅಷ್ಟೇ ಸಾಕು. ಆದರೆ ವಿಷದ ಗುಂಡಿಯ ಸಂಗತಿಯು ಅದಕ್ಕಿಂತಲೂ ಕಠಿಣ. ತೆರೆದ ಗುಂಡಿಯು ಕಣ್ಣಿಗೆ ಕಾಣುತ್ತದೆ, ಎತ್ತು ಇಂದು ಬಿದ್ದರೆ ಇಂದೇ ತಿಳಿಯುತ್ತದೆ. ಇದಾದರೋ ಮುಚ್ಚಿದ ಮೇಲೆಯೇ ಕೆಲಸಕ್ಕೆ ತೊಡಗುತ್ತದೆ. ಹತ್ತು ವರ್ಷಗಳ ಮೇಲೆ ಯಾವದೋ ಕೂಸಿಗೆ ರೋಗ ಬಂದಾಗ ಅದನ್ನು ಈ ರಾತ್ರಿಯ ಲಾರಿಗೆ ಹೊಂದಿಸಿ ತೋರಿಸಬಲ್ಲವರು ಯಾರು? ಪಾಪವು ಸಾಬೀತಾಗದಂಥದೆಂಬುವದೇ ಇಲ್ಲಿರುವ ದೊಡ್ಡ ಶೋಧನೆ ಎಂದು ನಮಗೆ ತೋರುತ್ತದೆ.

ಹಾಗಾದರೆ ಎಲ್ಲರೂ ಬೇಡವೆಂದರೆ ಅದು ಎಲ್ಲಿಗೆ ಹೋಗಬೇಕೆಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿರುವ ದಾಬಸ್‌ಪೇಟೆಯ ಬಳಿ ಈ ಕಸಕ್ಕೆಂದೇ ಒಂದು ಸ್ಥಳವನ್ನು ಏರ್ಪಡಿಸಿದ್ದಾರೆ. ಇಂಥ ಸ್ಥಳಗಳಲ್ಲಿ ನೆಲಕ್ಕೆ ಜೇಡಿಯನ್ನು ಮೆತ್ತಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಪುನಃ ಅದೇ ಪ್ರಕಾರ ಎರಡನೆಯ ಪದರವನ್ನು ಮಾಡಿ, ಇಳಿದ ರಸವನ್ನು ಕೊಳವೆಗಳಿಂದ ಹಿಡಿಯಬೇಕು. ತುಂಬಿ ಮುಚ್ಚಿದ ಮೇಲೆಯೂ ೩೦ ವರ್ಷ ಸುತ್ತಲಿನ ಭಾವಿಗಳ ನೀರನ್ನು ಪರೀಕ್ಷಿಸುತ್ತಿರಬೇಕು. ಇದು ಒಳ್ಳೇ ವಿಧಾನ. ಆದರೂ ಆ ಸ್ಥಳದ ಪಕ್ಕದಲ್ಲಿ ಯಾರೋ ಒಬ್ಬರ ಊರು ಇದ್ದೇ ಇರುತ್ತದೆ. ೧೯೮೪ರ ಭೋಪಾಲದ ವಿಷಗಾಳಿಯ ತರುವಾಯ ಅಲ್ಲಿಯ ಕಾರ್ಖಾನೆಯಲ್ಲಿ ಉಳಿದಿದ್ದ ೩೩೭ ಟನ್ ಕಸವನ್ನು ನಾಲ್ವತ್ತು ವರ್ಷಗಳಾದ ಮೇಲೆ, ೨೦೨೫ರ ಜನವರಿಯಲ್ಲಿ, ಹನ್ನೆರಡು ದೊಡ್ಡ ಪೆಟ್ಟಿಗೆಗಳಲ್ಲಿ ಪೀಥಂಪುರಕ್ಕೆ ಸಾಗಿಸಿದಾಗ ಆ ಊರಿನವರು ಬೀದಿಗಿಳಿದರು, ಇಬ್ಬರು ಮೈಗೆ ಬೆಂಕಿ ಹಚ್ಚಿಕೊಳ್ಳಲು ಹೋದರು. ಆ ವರ್ಷದ ಜೂನ್ ತಿಂಗಳಲ್ಲಿ ಸುಡುವದು ಮುಗಿಯಿತು. ಸುಣ್ಣ ಮುಂತಾದವುಗಳನ್ನು ಬೆರಸಿ ಸುಟ್ಟದ್ದರಿಂದ ಬೂದಿಯ ತೂಕವು ಕಸದ ತೂಕವನ್ನು ಮೀರಿತು. ಆ ಬೂದಿಗೂ ಒಂದು ಜಾಗ ಬೇಕು. ದೂರದಲ್ಲಿರುವ ನಮಗೆ ಪೀಥಂಪುರದವರು ಅಂಜುಬುರುಕರೆಂದು ಹೇಳುವದು ಸುಲಭ. ನಮ್ಮ ಮನೆಗಳಿಗೆ ಬೇಕಾದ ಬಣ್ಣ, ಔಷಧ, ಬ್ಯಾಟರಿಗಳ ಹೊರೆಯನ್ನು ದಾಬಸ್‌ಪೇಟೆಯ ನೆರೆಯವರು ಹೊರುತ್ತಿರುವಾಗ, ಅಲ್ಲಿಯ ಭಾವಿಗಳ ಪರೀಕ್ಷೆಯ ಫಲಿತಾಂಶವನ್ನು ಅವರಿಗೆ ತಪ್ಪದೆ ತಿಳಿಸಬೇಕೆಂದು ಕೇಳುವದರಲ್ಲಿ ನಾವೂ ಅವರ ಸಂಗಡ ನಿಲ್ಲತಕ್ಕವರು.

ನಮ್ಮ ಮನೆಗಳ ಸಂಗತಿಯನ್ನು ಬಿಡಲಾಗದು. ಸಂತೆಗಳಲ್ಲಿಯೂ ರಸ್ತೆಯ ಬದಿಯಲ್ಲಿಯೂ ನೀಲಿ ಡ್ರಮ್ಮುಗಳನ್ನು ಅಗ್ಗವಾಗಿ ಮಾರುವದನ್ನು ಎಲ್ಲರೂ ಕಂಡಿದ್ದಾರೆ. ನಲ್ಲಿಯ ನೀರು ಮೂರು ದಿವಸಕ್ಕೊಮ್ಮೆ ಬರುವ ಊರಿನಲ್ಲಿ ಅದು ದೊಡ್ಡ ಉಪಕಾರ. ಆದರೆ ಅದರೊಳಗೆ ಮೊದಲು ಏನಿತ್ತು? ಅಪಾಯದ ರಸವಸ್ತುವಿದ್ದ ಪೀಪಾಯಿಯನ್ನು ಕೂಡ ಕಾಯಿದೆಯು ಅಪಾಯದ ಕಸವೆಂದೇ ಎಣಿಸುತ್ತದೆ. ಸೀಗೆಪುಡಿ ಹಾಕಿ ಉಜ್ಜಿದರೆ ವಾಸನೆ ಹೋದೀತು, ಪ್ಲಾಸ್ಟಿಕ್ಕಿನೊಳಗೆ ಇಳಿದದ್ದು ಹೋಗದು. ಏನಿತ್ತೆಂದು ಹೇಳಲಾರದವನಿಂದ ಕುಡಿಯುವ ನೀರಿಗೆ ಡ್ರಮ್ಮನ್ನು ಕೊಳ್ಳಬೇಡಿರಿ. ಹಾಗೆಯೇ ತೋಟಕ್ಕೆ ಹೊಡೆಯುವ ಔಷಧದ ಸೀಸೆಯನ್ನು ಮೂರಾವರ್ತಿ ತೊಳೆದು, ತೊಳೆದ ನೀರನ್ನು ಸಿಂಪಡಿಸುವ ಪಂಪಿಗೇ ಹೊಯ್ದು, ಸೀಸೆಗೆ ತೂತು ಮಾಡಿಡಬೇಕು. ಅದನ್ನು ಕೆರೆಯಲ್ಲಿ ತೊಳೆಯುವದೂ, ಎಣ್ಣೆ ತರಲಿಕ್ಕೆ ಮಗುವಿನ ಕೈಗೆ ಕೊಡುವದೂ ಬೇಡ. ಕಾಸರಗೋಡಿನ ಗೇರುತೋಟಗಳಲ್ಲಿ ಎಂಡೋಸಲ್ಫಾನ್ ಸಿಂಪಡಿಸುವದು ೨೦೦೦ದಲ್ಲಿ ನಿಂತಿತು. ಉಳಿದ ಪೀಪಾಯಿಗಳಾದರೋ ಗೋದಾಮುಗಳಲ್ಲಿ ಹಾಗೆಯೇ ಹಳೆಯದಾಗುತ್ತಾ ಬಿದ್ದಿದ್ದು, ೨೦೧೨ರಲ್ಲಿ ಅದನ್ನು ಬೇರೆ ಪೀಪಾಯಿಗಳಿಗೆ ಹೊಯ್ಯಬೇಕಾಯಿತು. ಕರ್ನಾಟಕದ ಗಡಿಗೆ ಹತ್ತಿದ ಮಿಂಚಿಪದವಿನ ಪಾಳುಭಾವಿಯೊಂದರಲ್ಲಿ ಅದನ್ನು ಹೂಳಿದರೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ವರೆಗೂ ಹೋಯಿತು. ಮಾಡುವ ವಿಷಕ್ಕೆ ಯಜಮಾನರು ಅನೇಕರು, ಮಿಕ್ಕ ವಿಷಕ್ಕೆ ಒಬ್ಬನೂ ಇಲ್ಲ.

ಕಡೆಯದಾಗಿ, ದಲ್ಲಾಳಿಯ ಹಣವನ್ನು ಈಗಾಗಲೇ ತೆಗೆದುಕೊಂಡವನಿದ್ದರೆ ಅವನು ಏನು ಮಾಡಬೇಕು? ಹಣವು ಬಡ್ಡಿಗೆ ಹೋಗಿರಬಹುದು, ದಲ್ಲಾಳಿಯ ಗುರುತೂ ಸಿಕ್ಕದೆ ಇರಬಹುದು. ರಾತ್ರಿಯಲ್ಲಿ ತಾನೇ ಅಗೆದು ಬೇರೆ ಕಡೆಗೆ ಸಾಗಿಸಿಬಿಡುವೆನೆಂದು ಅವನು ಎಣಿಸಬಾರದು. ಒಡೆದ ಪೀಪಾಯಿಯ ಆವಿಯು ಗುಂಡಿಗಿಳಿದವನನ್ನು ಅಲ್ಲೇ ಕೊಂದೀತು, ಮತ್ತು ಹಾಗೆ ಸಾಗಿಸುವದು ಎರಡನೆಯ ನೆರೆಯವನಿಗೆ ಮಾಡುವ ಅನ್ಯಾಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯು ತುಮಕೂರಿನಲ್ಲಿಯೇ ಉಂಟು. ಅಲ್ಲಿಗೆ ಹೋದರೆ ದಂಡವಾದೀತೆಂಬ ಭಯವು ಸುಳ್ಳಲ್ಲ. ಒಬ್ಬನೇ ಹೋಗುವದು ಕಷ್ಟವಾದರೆ ಸಭೆಯ ಹಿರಿಯರಲ್ಲಿ ಇಬ್ಬರು ಅವನ ಸಂಗಡ ಹೋಗಲಿ. ಆದರೆ ಕಚೇರಿಗೂ ಮುಂಚೆ, ಆ ಹೊಲದ ಇಳಿಜಾರಿನಲ್ಲಿ ಯಾರ ಯಾರ ಭಾವಿಗಳಿವೆಯೋ ಅವರ ಬಾಗಲಿಗೆ ಅವನು ಹೋಗಬೇಕು, ಅದೂ ಬೆಳಗಿನ ನೀರು ಸೇದುವದಕ್ಕೆ ಮುಂಚೆ.