ಬಣ್ಣದ ಕೆಳಗಿನ ತುಕ್ಕು

ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಯ ಬಳಿಯ ಒಂದು ಗ್ಯಾರೇಜಿನಲ್ಲಿ ನಾವು ಹಳೆಯ ಅಂಬಾಸಿಡರ್ ಮೋಟಾರು ಗಾಡಿಯೊಂದನ್ನು ಕಂಡೆವು. 1958ರಲ್ಲಿ ಹೊರಬಂದ ಈ ಜಾತಿಯ ಗಾಡಿಯ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಆದದರಿಂದ ಅದರ ಕಾಲಕ್ಕೆ ತಕ್ಕ ಬಿಡಿಭಾಗಗಳನ್ನು ಗುಜರಿಯಲ್ಲಿ ಹುಡುಕಬೇಕು. ಮೊದಲನೆಯ ಮಾದರಿಯ ಗಾಡಿಗೆ 1962ರ ಎರಡನೆಯ ಮಾದರಿಯ ಮುಂದಿನ ಜಾಲರಿಯನ್ನು ಹಾಕಿದರೆ ಗಾಡಿಯು ಓಡುವದು, ಆದರೆ ನಿಜವಾದದ್ದಾಗದು.

ಮಿಸ್ತ್ರಿಯು ಮೊದಲು ಬಣ್ಣ ಬಳಿಯಲಿಲ್ಲ. ಹಳೆಯ ಬಣ್ಣವನ್ನೆಲ್ಲಾ ಕೆರೆದನು. ಹಿಂದೆ ಯಾರೋ ಪುಟ್ಟಿ ತುಂಬಿ ಮುಚ್ಚಿದ್ದ ತುಕ್ಕು ಬಾಗಿಲಿನ ಕೆಳಗೆ ತಗಡನ್ನು ತಿಂದು ತೂತು ಮಾಡಿತ್ತು. ಯಾಕಂದರೆ ಒಳಗೆ ತೇವವು ಸೇರಿದ ಮೇಲೆ ಹೊರಗಣ ಹೊಳಪು ತುಕ್ಕನ್ನು ತಡೆಯಲಾರದು. ಅವನು ಕೆಟ್ಟ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆದನು.

ಪ್ರಿಯರೇ, ನಮ್ಮ ಹೃದಯಗಳ ಸಂಗತಿಯೂ ಹೀಗೆಯೇ ಅಲ್ಲವೇ? ನೆರೆಯವನಿಂದ ತಂದ ಸಾಲವನ್ನು ತೀರಿಸದೆ, ಅಣ್ಣತಮ್ಮಂದಿರ ಜಗಳವನ್ನು ಮುಗಿಸದೆ, ಆದಿತ್ಯವಾರದಲ್ಲಿ ಶುಭ್ರವಾದ ಬಟ್ಟೆಯನ್ನುಟ್ಟು ದೇವಾಲಯದಲ್ಲಿ ಕೂತುಕೊಳ್ಳುತ್ತೇವೆ. ಇದು ಪುಟ್ಟಿಯ ಮೇಲಣ ಬಣ್ಣವೇ. ಕೆರೆಯುವಾಗ ನೋವಾಗುವದು ನಿಜ. ಆದರೂ ನಮ್ಮನ್ನು ಉಂಟುಮಾಡಿದ ಕರ್ತನು ನಮ್ಮ ಮೊದಲಿನ ರೂಪವನ್ನು ಬಲ್ಲನು. ಈ ವಾರವೇ ಆ ನೆರೆಯವನ ಬಾಗಿಲಿಗೆ, ಆ ತಮ್ಮನ ಬಾಗಿಲಿಗೆ ಹೋಗೋಣ.